ಕಾಲು ಮುಂದಾಗಿ ಬಂದವರು

ಚಿಕ್ಕಂದಿನಲ್ಲಿ ನನಗೊಂದು ಉದ್ಯೋಗವಿತ್ತು. ಅರಸೀಕೆರೆಯಿಂದ ಒಂದು ಗಂಟೆ ದಾರಿಯ ನಮ್ಮೂರಿನಲ್ಲಿ ಸೊಂಟ ಹಿಡಿದುಕೊಂಡವರು, ಮೂಟೆ ಎತ್ತುವಾಗ ಬೆನ್ನು ಉಳುಕಿಸಿಕೊಂಡವರು ಬೆಳಗಾಗುತ್ತಲೇ ನಮ್ಮ ಜಗಲಿಗೆ ಬಂದು ಬೋರಲು ಮಲಗುತ್ತಿದ್ದರು. ನಾನು ಅವರ ಬೆನ್ನ ಮೇಲೆ ಮೂರು ಸಲ ಕಾಲಿಟ್ಟು ಇಳಿಯಬೇಕು, ಅಷ್ಟೇ. ಮೂರು ದಿನ ಹೀಗೆ ತುಳಿಸಿಕೊಂಡರೆ ನೋವು ಹೋಗುತ್ತದೆ ಎಂಬುದು ಊರಿನ ನಂಬಿಕೆ. ಕೂಲಿ ಒಂದು ಅಚ್ಚು ಬೆಲ್ಲವೋ ಒಂದು ಹಿಡಿ ಕಡಲೆಕಾಯಿಯೋ ಆಗಿರುತ್ತಿತ್ತು. ಈ ಕೆಲಸಕ್ಕೆ ನನಗಿದ್ದ ಅರ್ಹತೆ ಒಂದೇ: ಹುಟ್ಟುವಾಗ ನಾನು ತಲೆ ಮುಂದಾಗಿ ಬರದೆ ಕಾಲು ಮುಂದಾಗಿ ಬಂದಿದ್ದೆ. ಊರೆಲ್ಲ ತುಳಿಸಿಕೊಂಡರೂ ಅಮ್ಮ ಮಾತ್ರ ಒಂದು ದಿನವೂ ನನಗೆ ಬೆನ್ನು ಕೊಡಲಿಲ್ಲ. ಅವಳಿಗೂ ಸೊಂಟ ನೋವಿತ್ತು.

ಕೆಲಸಕ್ಕೆಂದು ಪುಣೆಗೆ ಬಂದ ಮೇಲೆ ಈ ಕಥೆಯನ್ನು ತಮಾಷೆಗೆಂದು ಹೇಳಿದರೆ ಪಕ್ಕದ ಫ್ಲ್ಯಾಟಿನ ಮರಾಠಿ ಆಜಿ ನಗಲಿಲ್ಲ. "ಹಾಗಾದರೆ ನೀನು ಪಾಯಾಳು" ಎಂದರು. ನಮ್ಮೂರಲ್ಲಿ ಒಂದು ವಾಕ್ಯದಲ್ಲಿ ಹೇಳುತ್ತಿದ್ದುದಕ್ಕೆ ಇಲ್ಲಿ ಒಂದೇ ಪದ ಸಿಕ್ಕಿತು. ಪಾಯಾಳುವಿಗೆ ನೆಲದೊಳಗೆ ಹೂತ ನಿಧಿ ಕಾಣುತ್ತದಂತೆ, ಸಿಡಿಲು ಅವನನ್ನೇ ಹುಡುಕಿಕೊಂಡು ಬರುತ್ತದಂತೆ. ಅಂದಿನಿಂದ ಗುಡುಗು ಕೇಳಿದರೆ ಸಾಕು, ಬಾಲ್ಕನಿಯಿಂದ ಒಳಗೆ ಹೋಗು ಎಂದು ಆಜಿ ನನ್ನನ್ನು ಗದರುತ್ತಿದ್ದರು. ಹೀಗೆ ಹೆಸರಿಟ್ಟು ಹೆದರಿದವರು ನಾವಷ್ಟೇ ಅಲ್ಲ. ಕಾಲು ಮುಂದಾಗಿ ಹುಟ್ಟುವುದು ಪ್ರಕೃತಿಗೆ ವಿರುದ್ಧ, ಅಂಥವರನ್ನು 'ಅಗ್ರಿಪ್ಪ' ಎಂದು ಕರೆಯುತ್ತಾರೆ ಎಂದು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿದ್ದಾನೆ. ಅಗಸ್ಟಸ್ ಚಕ್ರವರ್ತಿಯ ಸೇನಾಪತಿ ಮಾರ್ಕಸ್ ಅಗ್ರಿಪ್ಪ ಹೀಗೆ ಹುಟ್ಟಿದವನಂತೆ. ನೀರೋ ಕೂಡ ಹಾಗೆಯೇ ಹುಟ್ಟಿದ ಎಂದು ಅವನ ತಾಯಿ ಬರೆದಿದ್ದಳೆಂದು ಪ್ಲಿನಿ ಹೇಳುತ್ತಾನೆ.

ಇದೆಲ್ಲ ನನಗೆ ಹೆಮ್ಮೆಯ ವಿಷಯವೇ ಆಗಿತ್ತು, 2013ರ ಮಳೆಗಾಲದವರೆಗೆ. ಆಗ ನನ್ನ ಹೆಂಡತಿಗೆ 34 ವಾರ. ಸ್ಕ್ಯಾನ್ ನೋಡಿದ ಡಾಕ್ಟರು "ಮಗು ಬ್ರೀಚ್ ಇದೆ" ಎಂದರು. ಅಂದರೆ ತಲೆ ಮೇಲೆ, ಬುಡ ಕೆಳಗೆ. ಗಾಬರಿಯಾಗಬೇಕಿಲ್ಲ, ಇನ್ನೂ ತಿರುಗಬಹುದು ಎಂದೂ ಹೇಳಿದರು. 28 ವಾರದ ಹೊತ್ತಿಗೆ ಸುಮಾರು ನಾಲ್ಕರಲ್ಲಿ ಒಂದು ಮಗು ಹೀಗೇ ಇರುತ್ತದೆ. ಬಹುಪಾಲು ತಾವಾಗಿಯೇ ತಿರುಗಿ, ತುಂಬು ತಿಂಗಳಿಗೆ ನೂರಕ್ಕೆ ಮೂರೋ ನಾಲ್ಕೋ ಉಳಿದುಕೊಳ್ಳುತ್ತವೆ. ನಮ್ಮದು ಆ ಉಳಿದವರ ಗುಂಪಿಗೆ ಸೇರಿತು. 36 ವಾರಕ್ಕೂ ತಲೆ ಮೇಲೆಯೇ.

ಡಾಕ್ಟರು ಎರಡು ದಾರಿ ಹೇಳಿದರು. ಹೊಟ್ಟೆಯ ಹೊರಗಿನಿಂದ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸಲು ಪ್ರಯತ್ನಿಸುವುದು. ಆಗದಿದ್ದರೆ 39 ವಾರಕ್ಕೆ ಸಿಸೇರಿಯನ್. ನಾನು ಮೂರನೆಯದನ್ನು ಕೇಳಿದೆ. "ನಾನೇ ಹಾಗೆ ಹುಟ್ಟಿದವನು ಮೇಡಂ, ಹಳ್ಳಿಯಲ್ಲಿ, ಮನೆಯಲ್ಲೇ. ನಾರ್ಮಲ್ ಯಾಕಾಗಬಾರದು?" ಅವರಿಗೆ ನನ್ನದೇ ವಯಸ್ಸಿರಬಹುದು. ಬೇಜಾರು ಮಾಡಿಕೊಳ್ಳದೆ ಉತ್ತರಿಸಿದರು: "ಓದುವಾಗ ಕೆಲವನ್ನು ನೋಡಿದ್ದೇನೆ. ನನ್ನ ಕೈಯಾರೆ ಮಾಡಿಸಿದ್ದು ಬೆರಳೆಣಿಕೆಯಷ್ಟು. ನಿಮ್ಮ ಹೆಂಡತಿಯ ಮೇಲೆ ನಾನು ಕಲಿಯುವುದಿಲ್ಲ."

ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಬರೆಯಲು ಓದಲು ಬಾರದ ನಮ್ಮೂರ ಸೂಲಗಿತ್ತಿ ಅಜ್ಜಿಗೆ ಬರುತ್ತಿದ್ದ ವಿದ್ಯೆ ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಯಾಕೆ ಇಲ್ಲ? ಎಲ್ಲಿ ಕಳೆದುಹೋಯಿತು? ಎಂಟೆಕ್ ಓದಿದವನ ಚಾಳಿ, ರಾತ್ರಿ ಕೂತು ಹುಡುಕತೊಡಗಿದೆ.

ಮೊದಲು ತಿಳಿದದ್ದು ಇದರಲ್ಲಿನ ಕಷ್ಟ ಏನೆಂಬುದು. ಮಗುವಿನ ಮೈಯಲ್ಲಿ ದೊಡ್ಡದೂ ಗಟ್ಟಿಯೂ ಆದ ಭಾಗ ತಲೆ. ಅದು ಮೊದಲು ಬಂದರೆ ಗಂಟೆಗಟ್ಟಲೆ ನೋವಿನಲ್ಲಿ ದಾರಿಗೆ ತಕ್ಕಂತೆ ತುಸು ಒತ್ತಿಕೊಂಡು ಬರುತ್ತದೆ. ಅದರ ಹಿಂದೆ ಮೈ ಸುಲಭವಾಗಿ ಜಾರುತ್ತದೆ. ಬ್ರೀಚ್‌ನಲ್ಲಿ ಲೆಕ್ಕ ತಿರುವುಮುರುವು. ಮೈ ಹೊರಗೆ ಬಂದ ಮೇಲೆ ತಲೆಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಹೊಕ್ಕುಳ ಬಳ್ಳಿ ತಲೆಗೂ ಮೂಳೆಗೂ ನಡುವೆ ಸಿಕ್ಕಿ ಅದುಮಿಹೋಗುತ್ತದೆ. ಆ ನಿಮಿಷಗಳಲ್ಲಿ ಕೈ ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಇದರ ಇಡೀ ಚರಿತ್ರೆ.

ನಮ್ಮಲ್ಲಿ ಆ ಚರಿತ್ರೆ ಸುಶ್ರುತ ಸಂಹಿತೆಯಲ್ಲಿದೆ. ದಾರಿಯಲ್ಲಿ ಸಿಕ್ಕಿಕೊಂಡ ಗರ್ಭಕ್ಕೆ ಅಲ್ಲಿ 'ಮೂಢಗರ್ಭ' ಎಂದು ಹೆಸರು. ಚಿಕಿತ್ಸಾಸ್ಥಾನದ 15ನೇ ಅಧ್ಯಾಯದಲ್ಲಿ ಒಂದೊಂದು ಭಂಗಿಗೂ ಒಂದೊಂದು ಕ್ರಮ ಹೇಳಿದ್ದಾರೆ. ಎರಡೂ ತೊಡೆ ಬಂದಿದ್ದರೆ ಹಾಗೆಯೇ ನೇರವಾಗಿ ತೆಗೆಯಬೇಕು. ಒಂದೇ ತೊಡೆ ಬಂದಿದ್ದರೆ ಇನ್ನೊಂದನ್ನು ಚಾಚಿಸಿ ತೆಗೆಯಬೇಕು. ಕುಂಡೆ ಮುಂದಾಗಿದ್ದರೆ ಅದನ್ನು ಮೇಲಕ್ಕೆ ಒತ್ತಿ, ಕಾಲುಗಳನ್ನು ಚಾಚಿಸಿ ತೆಗೆಯಬೇಕು. ನನ್ನನ್ನು ತಡೆದು ನಿಲ್ಲಿಸಿದ್ದು ಇದಕ್ಕೂ ಹಿಂದಿನ ಮಾತು. ಇದಕ್ಕಿಂತ ಕಷ್ಟದ ಕೆಲಸ ಬೇರಿಲ್ಲ, ಏಕೆಂದರೆ ಕಣ್ಣಿಗೆ ಕಾಣದ ಜಾಗದಲ್ಲಿ ಬರೀ ಸ್ಪರ್ಶದಿಂದ ಮಾಡಬೇಕು ಎನ್ನುತ್ತದೆ ಸಂಹಿತೆ. ಆದ್ದರಿಂದ ಅಧಿಪತಿಯ ಅಪ್ಪಣೆ ಪಡೆದೇ ಶುರುಮಾಡು ಎಂದೂ ಎಚ್ಚರಿಸುತ್ತದೆ. ನಾವು ಸಹಿ ಹಾಕುವ ಒಪ್ಪಿಗೆ ಪತ್ರದ ಹಳೆಯ ರೂಪ ಅದು. ಆದರೆ ಕೇಳಬೇಕಾದದ್ದು ಒಡೆಯನನ್ನು, ಹೆರುವವಳನ್ನಲ್ಲ.

ಯುರೋಪಿನಲ್ಲಿ ಎರಡನೇ ಶತಮಾನದ ಗ್ರೀಕ್ ವೈದ್ಯ ಸೊರಾನಸ್ ಕಾಲು ಹಿಡಿದು ಮಗುವನ್ನು ಹೊರತರುವ ಕ್ರಮವನ್ನು ಬರೆದಿಟ್ಟಿದ್ದ. 16ನೇ ಶತಮಾನದ ನಡುವೆ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಅದನ್ನು ಮತ್ತೆ ಬಳಕೆಗೆ ತಂದ. ಇಲ್ಲೊಂದು ಸ್ವಾರಸ್ಯವಿದೆ. ಮಗು ಅಡ್ಡ ನಿಂತಾಗ ಪಾರೆ ಅದನ್ನು ಒಳಗೇ ತಿರುಗಿಸಿ ಕಾಲು ಮುಂದೆ ತರುತ್ತಿದ್ದ. ಹೊಟ್ಟೆ ಕೊಯ್ದರೆ ತಾಯಿ ಉಳಿಯುವುದು ಅಪರೂಪವಾಗಿದ್ದ ಆ ಕಾಲದಲ್ಲಿ, ಇವತ್ತು ನಾವು ಅಪಾಯ ಎನ್ನುವ ಭಂಗಿಯೇ ಪ್ರಾಣ ಉಳಿಸುವ ಉಪಾಯವಾಗಿತ್ತು.

ಕೊನೆಯಲ್ಲಿ ಸಿಕ್ಕಿಕೊಳ್ಳುವ ತಲೆಗೆ ಒಂದು ಉತ್ತರ ಫ್ರಾಂಸ್ವಾ ಮೊರಿಸೋ 1668ರಲ್ಲಿ ಪ್ರಕಟಿಸಿದ ಪುಸ್ತಕದ ಜೊತೆ ಹೆಸರಾಯಿತು. ಮಗುವನ್ನು ಕುದುರೆ ಏರಿದಂತೆ ತನ್ನ ಮುಂಗೈ ಮೇಲೆ ಕೂರಿಸಿಕೊಂಡು, ಒಂದು ಕೈಯ ಬೆರಳಿನಿಂದ ಅದರ ಮುಖ ಎದೆಯ ಕಡೆಗೆ ಬಾಗುವಂತೆ ಮಾಡಿ, ಇನ್ನೊಂದು ಕೈಯಿಂದ ಹೆಗಲು ಹಿಡಿದು ತರುವುದು. ಅವನ ನಂತರ ಲಂಡನ್ನಿನ ಸ್ಮೆಲ್ಲಿ, ಆಮೇಲೆ ಜರ್ಮನಿಯ ಫೈಟ್ ಅದನ್ನು ತಿದ್ದಿದರು. ಮೂವರ ಹೆಸರೂ ಸೇರಿಸಿ ಇವತ್ತಿಗೂ ಪಠ್ಯಪುಸ್ತಕದಲ್ಲಿದೆ.

ಪುಸ್ತಕದಲ್ಲಿದ್ದರೆ ಕೈಗೆ ಬಂದಂತಲ್ಲವಲ್ಲ. ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವಳು ಆಂಜೆಲಿಕ್ ದು ಕೂದ್ರೆ ಎಂಬ ಫ್ರೆಂಚ್ ಸೂಲಗಿತ್ತಿ. 1759ರಲ್ಲಿ ದೊರೆ ಹದಿನೈದನೇ ಲೂಯಿ ಅವಳಿಗೆ ದೇಶದ ಹಳ್ಳಿ ಹಳ್ಳಿಯ ಹೆಂಗಸರಿಗೆ ಹೆರಿಗೆ ವಿದ್ಯೆ ಕಲಿಸುವ ಸನದು ಕೊಟ್ಟ. ಅವಳು ಬಟ್ಟೆ, ಚರ್ಮ, ಹತ್ತಿಯಿಂದ ನಿಜ ಅಳತೆಯ ಹೆಣ್ಣಿನ ಸೊಂಟವನ್ನೂ ಅದರೊಳಗೆ ಹೇಗೆ ಬೇಕಾದರೂ ಮಲಗಿಸಬಹುದಾದ ಬಟ್ಟೆಯ ಕೂಸನ್ನೂ ಹೊಲಿದಳು. ಅದಕ್ಕೆ ಅವಳಿಟ್ಟ ಹೆಸರು 'ಯಂತ್ರ'. ಗಾಡಿಯಲ್ಲಿ ಅದನ್ನು ಹೇರಿಕೊಂಡು ಎರಡು ದಶಕಕ್ಕೂ ಹೆಚ್ಚು ಕಾಲ ಊರೂರು ಸುತ್ತಿ, ಅಕ್ಷರ ಬಾರದ ಸಾವಿರಾರು ಹೆಂಗಸರ ಕೈಗೆ ಅಭ್ಯಾಸ ಮಾಡಿಸಿದಳು. ಅಂಥ ಒಂದು ಯಂತ್ರ ಫ್ರಾನ್ಸಿನ ರೂಆನ್ ನಗರದ ಸಂಗ್ರಹಾಲಯದಲ್ಲಿ ಈಗಲೂ ಇದೆ. ನಮ್ಮ ಕಚೇರಿಯಲ್ಲಿ ಯಾರಾದರೂ ಕೆಲಸ ಬಿಟ್ಟಾಗ ನಾಲ್ಕು ದಿನದ ಕೆಟಿ ಸೆಷನ್ ಇಟ್ಟು, ಒಂದು ಪಿಪಿಟಿ ಉಳಿಸಿಕೊಂಡು, ಜ್ಞಾನವೆಲ್ಲ ವರ್ಗಾವಣೆಯಾಯಿತೆಂದು ಟಿಕ್ ಹಾಕುತ್ತೇನೆ. ದು ಕೂದ್ರೆಯ ಬಟ್ಟೆಯ ಕೂಸಿನ ಚಿತ್ರ ನೋಡಿದಾಗ ನಾಚಿಕೆಯಾಯಿತು.

ಹೊರಗಿನಿಂದ ತಿರುಗಿಸುವ ಕ್ರಮಕ್ಕೂ ದೊಡ್ಡ ವಂಶಾವಳಿಯಿದೆ. 19ನೇ ಶತಮಾನದ ಆರಂಭದಲ್ಲಿ ಹ್ಯಾಂಬರ್ಗಿನ ವಿಗಾಂಡ್ ಅದನ್ನು ಪ್ರತಿಪಾದಿಸಿದ. 1878ರಲ್ಲಿ ಪ್ಯಾರಿಸ್ಸಿನ ಅಡಾಲ್ಫ್ ಪಿನಾರ್ ಹೊಟ್ಟೆ ಮುಟ್ಟಿ ಮಗುವಿನ ಭಂಗಿ ತಿಳಿಯುವುದರ ಬಗ್ಗೆ, ಹೊರಗಿನಿಂದ ಅದನ್ನು ತಿರುಗಿಸುವುದರ ಬಗ್ಗೆ ಇಡೀ ಗ್ರಂಥವನ್ನೇ ಬರೆದ. ನಮ್ಮ ಹಳ್ಳಿಗಳ ನರ್ಸಮ್ಮಂದಿರು ಬಸುರಿಯ ಹೊಟ್ಟೆಗೆ ತುತ್ತೂರಿಯಂಥ ಕೊಳವೆ ಇಟ್ಟು ಕಿವಿಗೊಡುವುದನ್ನು ನೋಡಿದ್ದರೆ, ಅದೂ ಇದೇ ಪಿನಾರನ ಕೊಡುಗೆ. 20ನೇ ಶತಮಾನದ ಮೊದಲರ್ಧ ಕೈಚಳಕದ ಸುವರ್ಣಕಾಲ. ಎಳೆಯದೆ ಮಗುವಿನ ಮೈಯನ್ನು ತಾಯಿಯ ಹೊಟ್ಟೆಯ ಕಡೆಗೆ ಬಾಗಿಸಿ ಹಿಡಿಯುವ ಬ್ರಾಕ್ಟ್‌ನ ಕ್ರಮ ಬರ್ಲಿನ್ನಿನಿಂದ ಬಂತು. ತೋಳು ಸಿಕ್ಕಿಕೊಂಡರೆ ಮೈಯನ್ನೇ ಅರ್ಧ ಸುತ್ತು ತಿರುಗಿಸಿ ಬಿಡಿಸುವ ಲೆವ್‌ಸೆಟ್‌ನ ಕ್ರಮ 1937ರಲ್ಲಿ ನಾರ್ವೆಯಿಂದ ಬಂತು.

ಇಷ್ಟು ಓದಿದ ಮೇಲೆ ನನ್ನೊಳಗೊಂದು ಕಥೆ ತಯಾರಾಗಿತ್ತು. ಸಾವಿರಾರು ವರ್ಷಗಳ ಕೈವಿದ್ಯೆ, ಅದನ್ನು ನುಂಗಿದ ಆಪರೇಷನ್ ಥಿಯೇಟರು. ಆ ಹುಮ್ಮಸ್ಸಿನಲ್ಲೇ ಊರಿಗೆ ಫೋನ್ ಮಾಡಿದೆ.

"ಅಮ್ಮ, ನನ್ನ ಹೆರಿಗೇಲಿ ಆ ಅಜ್ಜಿ ಏನೇನ್ ಮಾಡಿದ್ರು, ನೆನಪಿದ್ಯಾ?"

ಅಮ್ಮ ತುಸು ಹೊತ್ತು ಮಾತಾಡಲಿಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ.

"ನಿನಗಿಂತ ಮುಂಚೆ ಒಂದು ಹೆಣ್ಣು ಕೂಸಿತ್ತು ಕಣಪ್ಪ. ಅದೂ ನಿನ್ನಂಗೇ ಕಾಲು ಮುಂದಾಗೇ ಬಂತು. ಮೈಯೆಲ್ಲ ಬಂತು, ತಲೆ ಬರ್ಲಿಲ್ಲ. ಅದೇ ಅಜ್ಜಿ, ಅದೇ ಕೈ. ಸುಮ್ನೆ ಡಾಕ್ಟ್ರು ಹೇಳ್ದಂಗೆ ಕೇಳು."

ನನಗಾಗ ಮೂವತ್ತು ದಾಟಿತ್ತು. ನನಗೊಬ್ಬ ಅಕ್ಕ ಇದ್ದಳೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಉಳಿದವನ ಪಾದಕ್ಕೆ ಊರು ಬೆಲ್ಲ ಕೊಟ್ಟಿತು. ಉಳಿಯದವಳು ಯಾರ ಲೆಕ್ಕಕ್ಕೂ ಸಿಗಲಿಲ್ಲ. "ನಾನೇ ಹಾಗೆ ಹುಟ್ಟಿದವನು" ಎಂದು ಡಾಕ್ಟರ ಮುಂದೆ ನಾನು ಮಂಡಿಸಿದ್ದು ಅರ್ಧ ಲೆಕ್ಕವಾಗಿತ್ತು. ಸೋತ ಪ್ರಾಜೆಕ್ಟುಗಳನ್ನು ಬಿಟ್ಟು ಗೆದ್ದವನ್ನಷ್ಟೇ ವರದಿಯಲ್ಲಿ ತೋರಿಸುವ ಮ್ಯಾನೇಜರನ್ನು ನಾನೇ ಎಷ್ಟು ಸಲ ತರಾಟೆಗೆ ತೆಗೆದುಕೊಂಡಿದ್ದೇನೆ!

ಆಮೇಲೆ ಲೆಕ್ಕ ಇಟ್ಟವರನ್ನು ಹುಡುಕಿಕೊಂಡು ಓದಿದೆ. ನಾರ್ವೆಯಲ್ಲಿ ಹುಟ್ಟಿದ ಪ್ರತಿ ಮಗುವೂ ದಾಖಲಾಗುತ್ತದೆ. ಆ ದಾಖಲೆಗಳಲ್ಲಿ ಎರಡು ತಲೆಮಾರುಗಳನ್ನು ಜೋಡಿಸಿ ನೋಡಿದ 2008ರ ಅಧ್ಯಯನವೊಂದರ ಪ್ರಕಾರ, ತಾಯಿಯಾಗಲಿ ತಂದೆಯಾಗಲಿ ತುಂಬು ತಿಂಗಳಲ್ಲಿ ಬ್ರೀಚ್ ಆಗಿ ಹುಟ್ಟಿದ್ದರೆ ಅವರ ಮೊದಲ ಮಗುವೂ ಹಾಗಾಗುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು. ಅಂದರೆ ಹೆಂಡತಿಯ ಹೊಟ್ಟೆಯಲ್ಲಿದ್ದ ಕೂಸಿನ ಭಂಗಿಯಲ್ಲಿ ನನ್ನ ಪಾಲೂ ಇದ್ದಿರಬಹುದು.

ಹೊಟ್ಟೆ ಕೊಯ್ಯುವುದು ಸುರಕ್ಷಿತವಾದದ್ದು ರಕ್ತ ಕೊಡುವ ವ್ಯವಸ್ಥೆ, ಒಳ್ಳೆಯ ಅರಿವಳಿಕೆ, ಆ್ಯಂಟಿಬಯಾಟಿಕ್ ಬಂದ ಮೇಲೆ. ಆಗ ಪ್ರಶ್ನೆಯೇ ಬದಲಾಯಿತು. 1959ರಲ್ಲಿ ಅಮೆರಿಕದ ರಾಲ್ಫ್ ರೈಟ್, ಬ್ರೀಚ್ ಮಕ್ಕಳನ್ನೆಲ್ಲ ಸಿಸೇರಿಯನ್ ಮೂಲಕವೇ ತೆಗೆದರೆ ಸಾವುಗಳು ತಗ್ಗುತ್ತವೆ ಎಂದು ವಾದಿಸಿದ. ನಲವತ್ತು ವರ್ಷ ಈ ಚರ್ಚೆ ಎಳೆದಾಡಿತು. ಕೊನೆಗೆ ಟೊರಾಂಟೋದ ಮೇರಿ ಹ್ಯಾನಾ ನೇತೃತ್ವದಲ್ಲಿ 26 ದೇಶಗಳ 121 ಆಸ್ಪತ್ರೆಗಳಲ್ಲಿ 2,088 ಬಸುರಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. 2000ದ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಮಗು ಸಾಯುವ ಅಥವಾ ತೀವ್ರವಾಗಿ ನರಳುವ ಪ್ರಮಾಣ ಯೋಜಿತ ಸಿಸೇರಿಯನ್‌ನಲ್ಲಿ ಶೇ. 1.6, ಸಹಜ ಹೆರಿಗೆಗೆ ಯೋಜಿಸಿದವರಲ್ಲಿ ಶೇ. 5.

ಅದರ ಪರಿಣಾಮ ಎಷ್ಟು ವೇಗವಾಗಿತ್ತೆಂದರೆ, ನೆದರ್ಲೆಂಡ್ಸಿನಲ್ಲಿ ಬ್ರೀಚ್ ಮಕ್ಕಳ ಸಿಸೇರಿಯನ್ ಪ್ರಮಾಣ ಎರಡೇ ತಿಂಗಳಲ್ಲಿ ಶೇ. 50ರಿಂದ ಶೇ. 80ಕ್ಕೆ ಏರಿತು. ಒಂದು ಹೊಸ ಸಾಫ್ಟ್‌ವೇರನ್ನು ಇಪ್ಪತ್ತು ಜನರ ತಂಡಕ್ಕೆ ಒಗ್ಗಿಸಲು ನನಗೆ ಅದಕ್ಕಿಂತ ಹೆಚ್ಚು ಸಮಯ ಹಿಡಿದಿದೆ. ನಂತರ ತಕರಾರುಗಳು ಬಂದವು. ಹಲವು ಹೆರಿಗೆಗಳಲ್ಲಿ ನುರಿತ ಕೈ ಇರಲಿಲ್ಲ, ಸಹಜ ಹೆರಿಗೆಗೆ ತಕ್ಕವರನ್ನು ಸರಿಯಾಗಿ ಆರಿಸಿರಲಿಲ್ಲ ಎಂದರು. 2004ರಲ್ಲಿ ಅದೇ ತಂಡ ಎರಡು ವರ್ಷ ತುಂಬಿದ ಮಕ್ಕಳನ್ನು ನೋಡಿದಾಗ, ಸಾವು ಮತ್ತು ಬೆಳವಣಿಗೆಯ ಕುಂಠಿತದಲ್ಲಿ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. 2006ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ 174 ಆಸ್ಪತ್ರೆಗಳ 8,105 ಹೆರಿಗೆಗಳನ್ನು ಗಮನಿಸಿದ ಅಧ್ಯಯನ, ತಾಯಂದಿರನ್ನು ಎಚ್ಚರದಿಂದ ಆರಿಸಿ ಕೈ ಪಳಗಿದವರು ಮಾಡಿಸಿದರೆ ಫಲಿತಾಂಶದಲ್ಲಿ ಗಣನೀಯ ಅಂತರವಿಲ್ಲ ಎಂದಿತು. ಆದರೆ ಬಹಳ ಕಡೆ ಅಷ್ಟರಲ್ಲಿ ಕೈ ಪಳಗಿಸಿಕೊಳ್ಳುವ ಅವಕಾಶವೇ ಹೋಗಿತ್ತು. ಹಳಬರು ನಿವೃತ್ತರಾದರು, ಹೊಸಬರು ನೋಡಲೇ ಇಲ್ಲ. ನಿಯಮ ಬಂದು ಕೈಗಳು ಖಾಲಿಯಾದವು; ಕೈಗಳು ಖಾಲಿಯಾದ ಮೇಲೆ ನಿಯಮ ಇನ್ನಷ್ಟು ಸರಿಯಾಯಿತು. ನಮ್ಮ ಡಾಕ್ಟರು ಅಂದು ಹೇಳಿದ ಮಾತಿನ ಹಿಂದೆ ಇಷ್ಟೆಲ್ಲ ಇತ್ತು.

ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2017ರಲ್ಲಿ ಇದನ್ನು ಬಿಡಿಸಿ ಹೇಳಿತು. ಸಾವಿರ ಹೆರಿಗೆಗೆ ಮಗುವಿನ ಸಾವಿನ ಅಂದಾಜು: 39 ವಾರದ ನಂತರ ಸಿಸೇರಿಯನ್ ಆದರೆ ಅರ್ಧ, ತಲೆ ಮುಂದಾದ ಸಹಜ ಹೆರಿಗೆಗೆ ಯೋಜಿಸಿದರೆ ಒಂದು, ಬ್ರೀಚ್ ಸಹಜ ಹೆರಿಗೆಗೆ ಯೋಜಿಸಿದರೆ ಎರಡು. ಸಿಸೇರಿಯನ್ ಕೂಡ ಪುಕ್ಕಟೆಯಲ್ಲ. ಗರ್ಭಕೋಶದ ಮೇಲಿನ ಗಾಯದ ಗುರುತು ಮುಂದಿನ ಬಸಿರಿನಲ್ಲಿ ತೊಂದರೆ ಕೊಡಬಹುದು. ಇವೆಲ್ಲವನ್ನೂ ಮುಂದಿಟ್ಟು ತಾಯಿಯನ್ನೇ ಕೇಳಿ ಎನ್ನುತ್ತದೆ ಆ ಮಾರ್ಗಸೂಚಿ. ಸಂಹಿತೆಯ ಕಾಲದಲ್ಲಿ ಅಧಿಪತಿಯನ್ನು ಕೇಳುತ್ತಿದ್ದ ಪ್ರಶ್ನೆ ಅಂತೂ ಸರಿಯಾದ ವಿಳಾಸಕ್ಕೆ ತಲುಪಿತು.

ನಮ್ಮ ದೇಶದ ಲೆಕ್ಕವೂ ಬದಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2005-06ರಲ್ಲಿ ಆಸ್ಪತ್ರೆಯ ಹೆರಿಗೆ ನೂರಕ್ಕೆ 38.7 ಇದ್ದದ್ದು 2019-21ಕ್ಕೆ 88.6 ಆಯಿತು. ಅದೇ ಅವಧಿಯಲ್ಲಿ ಸಿಸೇರಿಯನ್ 8.5ರಿಂದ 21.5ಕ್ಕೆ ಏರಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಾರೆಂದು ಓದಿ ನಾವೆಲ್ಲ ಕೈಮುಗಿದೆವು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಕೈಗಳು ಏನನ್ನು ಬಲ್ಲವೆಂದು ಅವರಿಂದ ಕಲಿತುಕೊಳ್ಳುವ ಒಂದು ಬಟ್ಟೆಯ ಕೂಸನ್ನು ನಾವು ಹೊಲಿಯಲಿಲ್ಲ. ಹಾಗೆಯೇ, ಆ ಕೈಗಳಿಂದ ಜಾರಿದವರನ್ನು ಎಣಿಸಿಯೂ ಇಡಲಿಲ್ಲ. ಎರಡೂ ನಷ್ಟವೇ.

ನಮ್ಮ ವಿಷಯ ಇಷ್ಟು. 2013ರಲ್ಲಿ ಇಷ್ಟೆಲ್ಲ ಅಂಕಿಗಳು ಕೈಯಲ್ಲಿರಲಿಲ್ಲ, ಇದ್ದಷ್ಟನ್ನು ಹೆಂಡತಿಯ ಮುಂದಿಟ್ಟೆ. ಅವಳು ತಿರುಗಿಸುವ ಪ್ರಯತ್ನ ಮಾಡೋಣ, ಆಗದಿದ್ದರೆ ಆಪರೇಷನ್ ಎಂದಳು. 37ನೇ ವಾರದಲ್ಲಿ, ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲಿ, ಗರ್ಭಕೋಶ ಸಡಿಲವಾಗಲು ಇಂಜೆಕ್ಷನ್ ಕೊಟ್ಟು, ಮಗುವಿನ ಎದೆಬಡಿತ ನೋಡುತ್ತ ಡಾಕ್ಟರು ಎರಡೂ ಕೈಯಿಂದ ಒತ್ತಿ ಪ್ರಯತ್ನಿಸಿದರು. ಅವಳು ಹಲ್ಲು ಕಚ್ಚಿ ನನ್ನ ಕೈ ಹಿಡಿದಿದ್ದಳು. ಸುಮಾರು ಅರ್ಧದಷ್ಟು ಸಲ ಇದು ಫಲಿಸುತ್ತದೆ. ನಮ್ಮದು ಉಳಿದರ್ಧ. ಮಗು ಸ್ವಲ್ಪ ವಾಲಿ ಮತ್ತೆ ತನ್ನ ಜಾಗಕ್ಕೇ ಬಂದು ಕೂತಿತು. ನಿಮ್ಮಲ್ಲಿ ಯಾರಿಗಾದರೂ 36 ವಾರಕ್ಕೆ ಇದೇ ಮಾತು ಕೇಳಿಬಂದರೆ, ಈ ಪ್ರಯತ್ನ ತಮಗೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಮನೆಯಲ್ಲಿ ಯಾರ ಕೈಯಿಂದಲೂ ಹೊಟ್ಟೆ ಒತ್ತಿಸಿಕೊಳ್ಳಬೇಡಿ.

39ನೇ ವಾರಕ್ಕೆ ಮಗಳು ಸಿಸೇರಿಯನ್‌ನಲ್ಲಿ ಹುಟ್ಟಿದಳು. ಅಮ್ಮ ಊರಿಂದ ಬಂದು ಮೂರು ತಿಂಗಳು ನಿಂತು ಬಾಣಂತನ ಮಾಡಿದಳು. ಅಕ್ಕನ ಮಾತು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಮಗಳಿಗೆ ಐದು ತುಂಬಿದಾಗ ಪಾಯಾಳು ಪಂಚಾಯ್ತಿ ಮತ್ತೆ ಶುರುವಾಯಿತು. ಆಪರೇಷನ್‌ನಲ್ಲಿ ಹುಟ್ಟಿದವರು ಪಾಯಾಳು ಆಗುವುದಿಲ್ಲ ಎಂದು ಪಕ್ಕದ ಮನೆ ಆಜಿ ಖಡಾಖಂಡಿತವಾಗಿ ತೀರ್ಪು ಕೊಟ್ಟರು. ಅಮ್ಮನಿಗೆ ಮರಾಠಿ ಬಾರದು. ನಾನು ಅನುವಾದ ಮಾಡಿ ಹೇಳಿದೆ. "ಡಾಕ್ಟ್ರು ಎಲ್ಲಿಂದಾದ್ರೂ ತೆಗೀಲಿ, ಕೂತಿದ್ದಂತೂ ಹಂಗೇ ತಾನೆ" ಎಂದಳು. ಆಮೇಲೆ ಹಾಲಿನಲ್ಲಿ ಚಾಪೆ ಹಾಸಿ ಬೋರಲು ಮಲಗಿ, "ಬಾರವ್ವ, ನಂದೂ ಸೊಂಟ ಹಿಡ್ಕೊಂಡದೆ" ಎಂದು ಮೊಮ್ಮಗಳನ್ನು ಕರೆದಳು.